ಹೆಮ್ಮರಗಾಲದ ಹಾದಿಯಲ್ಲಿ

ಪುಷ್ಯ ಮಾಸದ ಮುಂಜಾನೆ ಸುತ್ತೂರಿನ ಗದ್ದುಗೆಗೆ ನಮಿಸಿ, ಮೊಮ್ಮಗುವಿನ ಹರಕೆ ಸಲ್ಲಿಸಲು ನಾವು ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಗೆ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಒಕ್ಕಣೆಗೆಂದು ಹರಡಿದ್ದ ಹುರುಳಿ ಇಬ್ಬನಿಗೆ ನೆನೆದಿತ್ತು. ಬ್ರೇಕು ಹಾಕಿದೊಡನೆ ಕಾರು ಜಾರಿ ರಸ್ತೆಯಂಚಿನಲ್ಲಿ ನಿಂತಿತು. ಶಿವಕೃಪೆಯಿಂದ ಯಾರಿಗೂ ಅಪಾಯವಾಗಲಿಲ್ಲ.

ದೇಗುಲದ ಮುಂದೆ ನೆರೆದ ಚಾಲಕರಲ್ಲಿ ಟೈರಿನದೇ ಚರ್ಚೆ ನಡೆಯಿತು. ಮನಾಲಿಯ ಹಿಮದಲ್ಲಿ ಕಾರು ನಡೆಸಿದ್ದವರೊಬ್ಬರು ಚಳಿಗಾಲದ ಟೈರನ್ನು ಹೊಗಳಿದರು. ಹಿರಿಯರೊಬ್ಬರು, “ಅದರ ಮೆದು ರಬ್ಬರು 7 ಡಿಗ್ರಿಗಿಂತ ಕೆಳಗಿನ ಚಳಿಗೆ ತಕ್ಕುದು, ನಮ್ಮ ಬಿಸಿಲಿಗೆ ಬೇಗ ಸವೆಯುತ್ತದೆ. ನಮಗೆ ನಿತ್ಯದ ಟೈರೇ ಸರಿ. ಆದರೆ ಕಾನೂನಿನಂತೆ ಗ್ರಿಪ್ಪಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಿರಬಾರದು, ಸ್ವಾಮಿ” ಎಂದರು.

ನೋಡಿದರೆ, ನಮ್ಮ ಟೈರು ನುಣ್ಣಗಾಗಿತ್ತು. ನಂಜನಗೂಡಿನಲ್ಲಿ ಹೊಸತು ಹಾಕಿಸಿಯೇ ಊರಿಗೆ ಮರಳಿದೆವು. ಮಕ್ಕಳುಮರಿಗಳನ್ನು ಕೂರಿಸಿಕೊಂಡು ಹೊರಡುವ ಮುನ್ನ ಟೈರು ನೋಡುವುದೂ ಕಾಯಕವೇ.