ನಾಲ್ಕೂವರೆಯ ಶ್ರುತಿ

ಬೀದಿಯ ರಾಜ್ಯೋತ್ಸವಕ್ಕೆ ನಾನೇ ಆಹ್ವಾನಪತ್ರ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ್ದೆ. ಅರಿಶಿನದ ನೆಲ, ಕುಂಕುಮದ ಅಕ್ಷರ. ಅಜ್ಜಿ ಜಗಲಿಯಲ್ಲಿ ಕೂತು ಫೋನು ನೋಡಿದಳು. "ರಾಜ್ಯೋತ್ಸವ" ಎಂದು ಜೋರಾಗಿ ಓದಿ, "ಎಷ್ಟ್ ಗಂಟೆಗೆ ಅಂತ ಬರ್ದೇ ಇಲ್ವಲ್ಲ ಮಗಾ?" ಎಂದಳು. ಬರೆದಿತ್ತು, ಕೆಳಗೆ, ಸಣ್ಣಕ್ಷರದಲ್ಲಿ.

ಅವತ್ತು ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶ ತೆರೆದು ಆ ಎರಡು ಬಣ್ಣಗಳ ಕಾಂಟ್ರಾಸ್ಟ್, ಅಂದರೆ ಬೆಳಕಿನ ಅಂತರ, ಅಳೆದೆ. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು: 3.72. ಮಾರ್ಗಸೂಚಿಯ ಪ್ರಕಾರ ದೊಡ್ಡ ಅಕ್ಷರಕ್ಕೆ 3 ಸಾಕು, ಮಾಮೂಲಿ ಗಾತ್ರಕ್ಕೆ 4.5 ಬೇಕು. ಅಜ್ಜಿಯ ಕಣ್ಣು ಎಲ್ಲಿ ನಿಂತಿತ್ತೋ ಅಂಕಿಯೂ ಅಲ್ಲೇ ನಿಂತಿತ್ತು. ಅಂದಿನಿಂದ ಈ ಅಳತೆಯ ಕೆಲಸ ನನಗೆ ಅಂಟಿಕೊಂಡಿದೆ.

ಬಿಳಿಯ ಮೇಲೆ ಬಿಳಿ ಇಟ್ಟರೆ 1, ಕಪ್ಪು ಇಟ್ಟರೆ 21. ಬಣ್ಣಗಳ ಸಂಸಾರವೆಲ್ಲ ಇಷ್ಟರೊಳಗೇ. ಈ ಲೆಕ್ಕದಲ್ಲಿ ಹಸಿರಿನ ಬೆಳಕಿಗೆ ನೂರಕ್ಕೆ ಸುಮಾರು 72 ಪಾಲು, ಕೆಂಪಿಗೆ 21, ನೀಲಿಗೆ ಬರೀ 7. ಪರದೆಯ ಹಳದಿ ಎಂದರೆ ಕೆಂಪು, ಹಸಿರು ಎರಡೂ ಕೂಡಿದ ಬೆಳಕು; ಹಾಗಾಗಿ ಅದು ಬಿಳಿಯ ಪಕ್ಕದ ಮನೆಯದು. ಬಿಳಿಯ ಮೇಲೆ ಹಳದಿ ಬರೆದರೆ 1.07, ರಂಗೋಲಿ ಪುಡಿಯ ಮೇಲೆ ಅರಿಶಿನ ಉದುರಿಸಿದಂತೆ. ಸಗಣಿ ಸಾರಿಸಿದ ಅಂಗಳದಲ್ಲಿ ಅದೇ ರಂಗೋಲಿ ಬೀದಿಯ ತುದಿಗೂ ಕಾಣುತ್ತದೆ.

ಬೂದು ಬಣ್ಣದ ಜೊತೆ ಕೂರುವುದೆಂದರೆ ನನಗೆ ತಂಬೂರಿ ಶ್ರುತಿ ಮಾಡಿದಷ್ಟು ಸುಖ. ಬಿಳಿಯ ಮೇಲೆ 777777 ಎಂಬ ಸಂಕೇತದ ಬೂದು 4.48. 4.5ಕ್ಕೆ ಕೂದಲೆಳೆಯಷ್ಟು ಕಡಿಮೆ, ಆದರೆ ಇಲ್ಲಿ ಅಂಕಿಯನ್ನು ಮೇಲಕ್ಕೆ ಸರಿಹೊಂದಿಸುವಂತಿಲ್ಲ. ಒಂದೇ ಒಂದು ಮೆಟ್ಟಿಲು ಕೆಳಗಿಳಿದು 767676 ಎಂದರೆ 4.54. ಬಿರಡೆಯನ್ನು ಎಳ್ಳಷ್ಟು ತಿರುಗಿಸಿದಾಗ ತಂತಿ ಷಡ್ಜಕ್ಕೆ ಬಂದು ಕೂರುತ್ತದಲ್ಲ, ಹಾಗೆ.

ಈ ನಾಲ್ಕೂವರೆ ಎಲ್ಲಿಂದ ಬಂತು ಎಂದು ತಿಳಿದಾಗ ಅದರ ಮೇಲಿನ ಪ್ರೀತಿ ಇನ್ನೂ ಹೆಚ್ಚಿತು. ಚೆನ್ನಾಗಿ ಕಾಣುವ ಕಣ್ಣಿಗೆ 3 ಸಾಕೆಂದು ಹಳೆಯ ಮಾನದಂಡಗಳು ಹೇಳಿದ್ದವು. ಎಂಬತ್ತರ ಆಸುಪಾಸಿನವರಲ್ಲಿ ಸಾಮಾನ್ಯವಾದ 20/40 ದೃಷ್ಟಿಯನ್ನು ಲೆಕ್ಕಕ್ಕೆ ಹಿಡಿದು ಆ 3ನ್ನು ಒಂದೂವರೆ ಪಟ್ಟು ಮಾಡಿದರು. 2008ರಲ್ಲಿ ವೆಬ್ ಕಂಟೆಂಟ್ ಆಕ್ಸೆಸಿಬಿಲಿಟಿ ಗೈಡ್‌ಲೈನ್ಸ್‌ನ ಎರಡನೆಯ ಆವೃತ್ತಿ ಆ ಗೆರೆ ಎಳೆಯಿತು. ಆ ಅಂಕಿಯೊಳಗೆ ಒಬ್ಬ ಅಜ್ಜಿ ಮೊದಲಿನಿಂದಲೂ ಕೂತಿದ್ದಾಳೆ.

ಕನ್ನಡದ ಸಣ್ಣಕ್ಷರಕ್ಕೆ ನಾನು 4.5ರಲ್ಲೂ ನಿಲ್ಲುವುದಿಲ್ಲ. ಅದೇ ಮಾರ್ಗಸೂಚಿಯ ಮೇಲಿನ ಮೆಟ್ಟಿಲು 7; ಆದಷ್ಟೂ ಅಲ್ಲಿಗೆ ಒಯ್ಯುತ್ತೇನೆ. ಪಕಾರಕ್ಕೂ ಷಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಸಣ್ಣ ಗೀಟು. ಒತ್ತಕ್ಷರವಂತೂ ಅಕ್ಷರದ ಕಾಲಡಿಯಲ್ಲಿ ಕುಗ್ಗಿ ಕೂತಿರುತ್ತದೆ. ಬಣ್ಣ ತೆಳುವಾದರೆ ಮೊದಲು ಮಾಯವಾಗುವುದು ಇಂಥವೇ. ಬಿಸಿಲು ಬಿದ್ದ ಪರದೆಯಲ್ಲಿ ಇನ್ನೂ ಬೇಗ.

ಮರುವರ್ಷದ ಪತ್ರಕ್ಕೂ ಅರಿಶಿನ ಕುಂಕುಮವನ್ನೇ ಉಳಿಸಿಕೊಂಡೆ. ಕೆಂಪನ್ನು ಮಾತ್ರ ಮೆಲ್ಲಗೆ ಗಾಢ ಮಾಡುತ್ತ ಹೋದೆ. ಹಳೆಯ ಕರಡಿಗೆಯ ಕುಂಕುಮದ ಬಣ್ಣಕ್ಕೆ ಬಂದಾಗ ಅಂಕಿ 6 ದಾಟಿತ್ತು. ಸಮಯದ ಸಾಲನ್ನೂ ಒಂದಿಷ್ಟು ದಪ್ಪ ಮಾಡಿದೆ. ಅಜ್ಜಿ ಅದೇ ಜಗಲಿಯಲ್ಲಿ, ಅದೇ ಬಿಸಿಲಲ್ಲಿ ಫೋನು ಹಿಡಿದಳು. ಏನೂ ಕೇಳಲಿಲ್ಲ. ಸಂಜೆ ಐದೂವರೆಗೆ ಸೀರೆ ಉಟ್ಟು, ಹೂ ಮುಡಿದು, ಬಾಗಿಲಲ್ಲಿ ನಿಂತಿದ್ದಳು.