ತೋಳಪಟ್ಟಿಗೆ ಸಿಗದ ಒತ್ತಡ

ಈರೋಡು ಜಿಲ್ಲೆಯ ತಾಳವಾಡಿ ಆಡಳಿತದಿಂದ ತಮಿಳುನಾಡು, ಆಡುವ ಮಾತಿನಿಂದ ಕನ್ನಡನಾಡು. ಜಿಲ್ಲಾ ಕೇಂದ್ರಕ್ಕೆ ಹೋಗಲು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರಕ್ಕೆ ಆ ಪ್ರಯಾಸವಿಲ್ಲ. ರೋಗಿಗಳು ಎರಡೂ ಕಡೆ ಅಲೆದು, ಬೇರೆಬೇರೆ ಭಾಷೆಯ ಚೀಟಿಗಳೊಡನೆ ಮರಳುತ್ತಾರೆ.

ಅಂತಹ ಚೀಟಿಗಳ ಕಟ್ಟೊಂದು ಅಲ್ಲಿನ ನಡುವಯಸ್ಸಿನ ಗೃಹಿಣಿಯೊಬ್ಬಳ ಬಳಿ ಇತ್ತು. ಮನೆಯ ಮುಂದಿನ ದಿಬ್ಬವನ್ನು ಕೊಡ ಹೊತ್ತು ಏರುವಾಗ, “ಮೇಲುಸ್ರು ಬತ್ತುದ ಕನವ್ವಾ” ಎಂದು ಮಗಳಿಗೆ ಹೇಳಿದ್ದಳು. ಮೇಲುಸಿರು ದುಡಿದಾಗ ಬರುವಂಥದ್ದು. ಕುಳಿತವನನ್ನೂ ಕಾಡುವ ಉಬ್ಬಸ ಬೇರೆ. ಚೀಟಿಗೆ ಇಳಿಯುವಾಗ ಈ ಅಂತರ ಅಳಿಸಿಹೋಯಿತು. ಎರಡು ವರ್ಷ ಉಬ್ಬಸದ ಔಷಧ ನಡೆಯಿತು. ತೋಳಿಗೆ ಪಟ್ಟಿ ಕಟ್ಟಿ ನೋಡಿದಾಗಲೆಲ್ಲ ರಕ್ತದೊತ್ತಡ ಸರಿಯಾಗಿಯೇ ಇತ್ತು. ಪಾದಗಳು ಊದಿ, ಒಂದು ದಿನ ದಿಬ್ಬದ ನಡುವೆ ಕಣ್ಣು ಕತ್ತಲೆಗಟ್ಟಿ ಬಿದ್ದ ಮೇಲೆ ಎಕೋ ಪರೀಕ್ಷೆ ನಡೆಯಿತು. ಹೃದಯದ ಬಲಭಾಗ ಹಿಗ್ಗಿತ್ತು. ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ಹೃದಯದೊಳಕ್ಕೆ ಕಳುಹಿಸಿ ಅಳೆದಾಗ ರೋಗ ಖಚಿತವಾಯಿತು.

ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿಗಳು ಕಿರಿದಾಗಿ ಅಲ್ಲಿ ಒತ್ತಡ ಏರುವ ವ್ಯಾಧಿಯಿದು. ಆ ನಾಳಗಳಲ್ಲಿ ಸರಾಸರಿ ಒತ್ತಡ ಪಾದರಸದ 14 ಮಿ.ಮೀ. ಆಸುಪಾಸಿನಲ್ಲಿರಬೇಕು. ಮೊದಲು 25 ಮುಟ್ಟಿದರೆ ರೋಗವೆನ್ನುತ್ತಿದ್ದರು. 2022ರ ಯುರೋಪಿನ ಮಾರ್ಗಸೂಚಿ 20 ದಾಟಿದರೇ ಸಾಕೆಂದಿತು. ಬೆಟ್ಟದ ಗಾಳಿಯೇ ಕಾರಣವೆಂದು ನೆರೆಯವರು ನಿರ್ಣಯಿಸಿದರು. ಆಮ್ಲಜನಕ ವಿರಳವಾದಲ್ಲಿ ಈ ನಾಳಗಳು ಸಂಕೋಚಗೊಳ್ಳುವುದು ನಿಜ. ಆದರೆ ಅದು ಹಿಮಾಲಯದಂತಹ ಎತ್ತರದ ಮಾತು, ತಾಳವಾಡಿಯದಲ್ಲ.

ದಿನಕ್ಕೆ ಮೂರು ಬಾರಿ ಸಿಲ್ಡೆನಾಫಿಲ್ ಮಾತ್ರೆ ಗೊತ್ತಾಯಿತು. ಎದೆನೋವಿಗೆಂದು ಪ್ರಯೋಗಿಸಿದ ಈ ಔಷಧ ಲೋಕಪ್ರಸಿದ್ಧವಾದದ್ದು ವಯಾಗ್ರ ಎಂಬ ಹೆಸರಿನಿಂದ. ಅಮೆರಿಕದಲ್ಲಿ ಈ ರೋಗಕ್ಕೆ ಅನುಮತಿ ದೊರೆತದ್ದು 2005ರಲ್ಲಿ. ಅಂಗಡಿಯವನು ಚೀಟಿ ನೋಡಿ, ಮಗಳ ಮುಖ ನೋಡಿ, ನಕ್ಕನು. ಮರುತಿಂಗಳು ಅವಳು ಆ ಅಂಗಡಿಗೆ ಹೋಗಲಿಲ್ಲ. ತಾಯಿಗೆ ನಾಲ್ಕು ದಿನ ಮಾತ್ರೆಯೇ ಇರಲಿಲ್ಲ. ಹಠಾತ್ತನೆ ಬಿಟ್ಟರೆ ಒತ್ತಡ ಮತ್ತೆ ಏರಬಹುದಾದ ಔಷಧವದು. ವಿಷಯ ತಿಳಿದ ವೈದ್ಯರು ಚೀಟಿಯ ಮೇಲೆಯೇ ‘ಶ್ವಾಸಕೋಶದ ರಕ್ತದೊತ್ತಡಕ್ಕೆ’ ಎಂದು ಕನ್ನಡದಲ್ಲಿ ಬರೆದುಕೊಟ್ಟರು. ನಾಲಿಗೆಯಡಿ ಇಡುವ ಎದೆನೋವಿನ ನೈಟ್ರೇಟ್ ಮಾತ್ರೆಯನ್ನು ಇದರೊಡನೆ ಎಂದಿಗೂ ಕೊಡಬಾರದೆಂದೂ ಎಚ್ಚರಿಸಿದರು.

ತಪಾಸಣೆಗೆ ಹೋದಾಗ ಆಸ್ಪತ್ರೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸಿ ದೂರ ಅಳೆಯುತ್ತಾರೆ. ಹೇಗಿದ್ದೀರೆಂದು ಕೇಳಿದರೆ ಆಕೆಯ ಉತ್ತರ ಒಂದೇ: “ಚೆಂದಾಗಿವ್ನಿ ಬುದ್ಧಿ.” ದೊಡ್ಡವರೆದುರು ನೋವು ಹೇಳಿಕೊಳ್ಳದ ಆ ಸಂಕೋಚವನ್ನು ಬಲ್ಲ ಮಗಳು ನೋಟುಪುಸ್ತಕವೊಂದನ್ನು ತೆರೆದಳು. ಬೆಳಗಿನ ತೂಕ, ಪಾದದ ಊತ, ಮಲಗಲು ಬೇಕಾದ ದಿಂಬುಗಳು, ದಿಬ್ಬದಲ್ಲಿ ಅವ್ವ ನಿಂತ ಜಾಗ. ಮೊದಲ ಪುಟಗಳಲ್ಲಿ ‘ಹುಣಸೆಮರದವರೆಗೆ ನಿಲ್ಲಲಿಲ್ಲ’ ಎಂದಿತ್ತು. ಆಮೇಲೆ ‘ಕಲ್ಲುಕಟ್ಟೆಯಲ್ಲಿ ಕೂತಳು’ ಎಂದು ಬಂತು. ಕಟ್ಟೆ ಮರಕ್ಕಿಂತ ಕೆಳಗಿದೆ. ಅದೇ ವಾರ ತೂಕ ಎರಡು ಕಿಲೋ ಏರಿತ್ತು.

ವೈದ್ಯರು ಪುಸ್ತಕವನ್ನು ಎರಡು ಸಲ ಓದಿ, ನೀರಿಳಿಸುವ ಮಾತ್ರೆಯನ್ನು ಹೆಚ್ಚಿಸಿದರು. ಈಗ ಆಕೆಯನ್ನು ಮಾತನಾಡಿಸುವ ಮುನ್ನ ಅವರು ಮಗಳತ್ತ ಕೈಚಾಚಿ ಕೇಳುವುದು, “ಹುಣಸೆಮರ ಮುಟ್ಟಿದರೇನಮ್ಮಾ?”