ಅವಳಿಗೆ ಕೆಲಸ ಯಾರು ಕೊಡ್ತಾರೆ ಅಂದೆಯಲ್ಲ, ಅಕ್ಕ

ಬೆಂಗಳೂರು

ಪ್ರೀತಿಯ ಅಕ್ಕ,

ಫೋನಿನಲ್ಲಿ ನೀನು ಅತ್ತಿದ್ದಕ್ಕಿಂತ, ಅಳು ನಿಂತ ಮೇಲೆ ಕೇಳಿದ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತಿದೆ. "ಜನ ಏನಾದ್ರೂ ಅಂದ್ಕೊಳ್ಲಿ, ಹೇಗೋ ತಡ್ಕೋತೀನಿ. ಇಂಜಿನಿಯರಿಂಗ್ ಮುಗಿಸಿದ ಮೇಲೆ ಅವಳಿಗೆ ಕೆಲಸ ಯಾರು ಕೊಡ್ತಾರೆ?" ಎಂದೆ. ಇಷ್ಟು ವರ್ಷ ಮಗನೆಂದು ಸಾಕಿದ ಮಗು ತಾನು ಮಗಳು ಎಂದು ಬಾಯಿಬಿಟ್ಟು ಹೇಳಿ ಹೆಚ್ಚು ದಿನವಾಗಿಲ್ಲ. ಆಗಲೇ ನೀನು ಅವಳ ಅನ್ನದ ಚಿಂತೆಗೆ ಬಿದ್ದಿದ್ದೀಯ. ಅಮ್ಮನೂ ಹೀಗೇ ಇದ್ದಳು.

ಸಮಾಧಾನದ ಮಾತು ನನಗೂ ಬರುತ್ತಿತ್ತು, ಆದರೆ ನೀನು ಕೇಳಿದ್ದು ಅದನ್ನಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಒಬ್ಬ ಇಂಜಿನಿಯರ್ ತಮ್ಮ ವೃತ್ತಿಯನ್ನು ಹೇಗೆ ಕಟ್ಟಿಕೊಂಡರು, ಕಳೆದುಕೊಂಡು ಮತ್ತೆ ಹೇಗೆ ಕಟ್ಟಿಕೊಂಡರು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ಅವರ ಹೆಸರು ಲಿನ್ ಕಾನ್ವೆ. ನನಗೆ ಅನ್ನ ಕೊಡುತ್ತಿರುವ ಚಿಪ್ ಡಿಸೈನ್ ಕಸುಬು ಇವತ್ತು ಹೀಗಿರುವುದರಲ್ಲಿ ಅವರ ಪಾಲು ದೊಡ್ಡದು. ಅವರೂ ನಿನ್ನ ಮಗಳ ಹಾಗೆಯೇ ಗಂಡುಮಗುವಿನ ಹೆಸರಿನಲ್ಲಿ ಬೆಳೆದವರು.

1938ರಲ್ಲಿ ನ್ಯೂಯಾರ್ಕ್ ಸೀಮೆಯಲ್ಲಿ ಹುಟ್ಟಿದರು. ತಂದೆ ಕೆಮಿಕಲ್ ಇಂಜಿನಿಯರ್, ತಾಯಿ ಚಿಕ್ಕಮಕ್ಕಳ ಶಾಲೆಯ ಟೀಚರ್. ನಕ್ಷತ್ರ ನೋಡುವ ಹುಚ್ಚಿಗೆ ತಾವೇ ಟೆಲಿಸ್ಕೋಪ್ ಕಟ್ಟಿಕೊಂಡ ಹುಡುಗ, ಅಂದರೆ ಹುಡುಗಿ. 1955ರಲ್ಲಿ ಎಂಐಟಿ ಸೇರಿ ಒಳ್ಳೆಯ ಅಂಕ ತೆಗೆದರು. ಹೆಣ್ಣಾಗಿ ಬದುಕಲು ಆ ದಿನಗಳಲ್ಲೇ ಪ್ರಯತ್ನಪಟ್ಟರು. ಸಹಾಯ ಮಾಡುವ ವೈದ್ಯರು ಸಿಗಲಿಲ್ಲ, ಓದೂ ಅರ್ಧಕ್ಕೆ ನಿಂತಿತು. ಕೆಲವು ವರ್ಷ ಎಲೆಕ್ಟ್ರಾನಿಕ್ಸ್ ಟೆಕ್ನೀಷಿಯನ್ ಆಗಿ ದುಡಿದು, ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿ 1962ರಲ್ಲಿ ಪದವಿಯನ್ನೂ 1963ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಮರುವರ್ಷ ಐಬಿಎಂ ಸಂಶೋಧನಾ ವಿಭಾಗ ಕರೆದುಕೊಂಡಿತು.

ಅಲ್ಲಿ ಎಸಿಎಸ್ ಎಂಬ ಯೋಜನೆಯಿತ್ತು. ಜಗತ್ತಿನ ಅತಿ ವೇಗದ ಕಂಪ್ಯೂಟರ್ ಕಟ್ಟುವುದು ಅದರ ಗುರಿ. ಜಾನ್ ಕಾಕ್, ಫ್ರಾನ್ ಆಲೆನ್‌ರಂಥ ದೊಡ್ಡ ತಲೆಗಳು ಅಲ್ಲಿದ್ದವು. ಆಗ ಅವರ ಮುಂದಿದ್ದ ಸಮಸ್ಯೆ ಇದು: ಕಂಪ್ಯೂಟರ್ ಆಜ್ಞೆಗಳನ್ನು ಬರೆದ ಸಾಲಿನಲ್ಲೇ ಒಂದೊಂದಾಗಿ ಮಾಡುತ್ತ ಹೋಗುತ್ತದೆ. ಎರಡನೆಯ ಆಜ್ಞೆಗೆ ಬೇಕಾದ ಅಂಕಿ ಇನ್ನೂ ಸಿದ್ಧವಾಗಿಲ್ಲದಿದ್ದರೆ, ಅದರ ಹಂಗೇ ಇಲ್ಲದ ಐದನೆಯದೂ ಆರನೆಯದೂ ಸುಮ್ಮನೆ ಕಾಯುತ್ತವೆ. ಕಾಯುತ್ತಿರುವ ಆಜ್ಞೆಗಳಲ್ಲಿ ಯಾವುದು ಯಾವುದನ್ನು ನಂಬಿಕೊಂಡಿದೆ ಎಂದು ಯಂತ್ರವೇ ಗುರುತು ಹಾಕಿಟ್ಟುಕೊಂಡು, ಸಿದ್ಧವಾದವನ್ನು ಸಾಲು ಮುರಿದು ಒಂದೇ ಸಲಕ್ಕೆ ಹಲವನ್ನು ಹೊರಡಿಸುವ ದಾರಿಯನ್ನು ಕಾನ್ವೆ ಕಂಡುಹಿಡಿದರು. ಅದು 1966. ಆಗ ಅವರಿಗೆ ಇಪ್ಪತ್ತೆಂಟು ವರ್ಷ. ಇವತ್ತು ನಿನ್ನ ಕೈಯಲ್ಲಿರುವ ಫೋನಿನ ಪ್ರೊಸೆಸರ್ ಕೂಡ ಆಜ್ಞೆಗಳನ್ನು ಸಾಲು ಮುರಿದೇ ನಡೆಸುತ್ತದೆ.

ಎರಡು ವರ್ಷದ ನಂತರ, ಡಾ. ಹ್ಯಾರಿ ಬೆಂಜಮಿನ್ ಎಂಬ ವೈದ್ಯರ ನೆರವು ಸಿಕ್ಕಿದ್ದರಿಂದ, ತಾನು ಹೆಣ್ಣಾಗಿ ಬದುಕಲು ಹೊರಟಿದ್ದೇನೆ ಎಂದು ಕಂಪನಿಗೆ ತಿಳಿಸಿದರು. ಹತ್ತಿರದ ಮೇಲಧಿಕಾರಿಗಳು ಸದ್ದಿಲ್ಲದೆ ದಾರಿ ಮಾಡಿಕೊಡೋಣ ಎಂದುಕೊಂಡಿದ್ದರು. ಆದರೆ ಸುದ್ದಿ ಹೊರಬಿದ್ದರೆ ಕಂಪನಿಯ ಮರ್ಯಾದೆಗೆ ಏಟು ಎಂದು ಮೇಲಿನವರು ಹೆದರಿದರು. ಕೆಲಸ ಹೋಯಿತು. ಮದುವೆ ಮುರಿಯಿತು. ಚಿಕ್ಕ ವಯಸ್ಸಿನ ಇಬ್ಬರು ಹೆಣ್ಣುಮಕ್ಕಳನ್ನು ನೋಡುವ ಅವಕಾಶವೂ ಹೋಯಿತು.

ನಿನ್ನ ಭಯಕ್ಕೆ ಬುಡವಿಲ್ಲ ಎಂದು ನಾನು ಹೇಳುವುದಿಲ್ಲ ಅಕ್ಕ. ಇಷ್ಟು ಪ್ರತಿಭೆ ಇದ್ದವರಿಗೂ ಹೀಗಾಯಿತು. ಆದರೆ ಇಲ್ಲಿಗೆ ಕಥೆ ಮುಗಿಯಲಿಲ್ಲ. ಮುಂದಿನದನ್ನು ನೀನು ನಿಧಾನವಾಗಿ ಓದಬೇಕು.

ಹೊಸ ಹೆಸರಿನಲ್ಲಿ, ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿದರು. ಐಬಿಎಂನಲ್ಲಿ ಮಾಡಿದ್ದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಹಳೆಯ ಹೆಸರು ಹೊರಬರುತ್ತದೆ. ಕರಾರಿನ ಮೇಲೆ ಪ್ರೋಗ್ರಾಮ್ ಬರೆದರು. ಆಮೇಲೆ ಮೆಮೊರೆಕ್ಸ್ ಕಂಪನಿಯಲ್ಲಿ ಕಂಪ್ಯೂಟರ್ ವಿನ್ಯಾಸದ ಕೆಲಸ. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರ. ಕೆಲಸ ಗೊತ್ತಿದ್ದ ಕೈಗೆ ಐದು ವರ್ಷದೊಳಗೆ ಅಮೆರಿಕದ ಅತ್ಯುತ್ತಮ ಲ್ಯಾಬುಗಳಲ್ಲಿ ಒಂದರ ಬಾಗಿಲು ತೆರೆಯಿತು. ಅವರ ಹಿಂದಿನ ಬದುಕು ಜೊತೆಯಲ್ಲಿ ಕೆಲಸ ಮಾಡುವವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಏನಾಗುತ್ತದೋ ಎಂಬ ಹೆದರಿಕೆಯನ್ನು ಮಾತ್ರ ಅವರು ಮೂವತ್ತು ವರ್ಷ ಹೊತ್ತು ನಡೆದರು.

ಇನ್ನು ಅವರ ದೊಡ್ಡ ಕೆಲಸಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಐಬಿಎಂನ ಆವಿಷ್ಕಾರಕ್ಕಿಂತ ಇದೇ ಮೇಲು, ಏಕೆಂದರೆ ಇದು ಸಾವಿರಾರು ಜನರ ಕೈಗೆ ಕಸುಬು ಕೊಟ್ಟಿತು.

ಚಿಪ್ ಎಂದರೆ ಸಿಲಿಕಾನಿನ ಚೂರಿನ ಮೇಲೆ ಪದರ ಪದರವಾಗಿ ಮೂಡಿಸಿದ ಚಿತ್ರ. ಒಂದೊಂದು ಗೆರೆ ಎಷ್ಟು ಅಗಲ ಇರಬೇಕು, ಪಕ್ಕದ ಗೆರೆಗೂ ಅದಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದಕ್ಕೆ ಪ್ರತಿ ಕಾರ್ಖಾನೆಯೂ ತನ್ನದೇ ನಿಯಮಗಳ ಕಟ್ಟು ಇಟ್ಟುಕೊಂಡಿತ್ತು. ಆ ನಿಯಮ ತಿಳಿದವರು ಆ ಕಂಪನಿಯ ಒಳಗಿನವರು ಮಾತ್ರ. ಕಾರ್ಖಾನೆಯ ತಂತ್ರ ಸುಧಾರಿಸಿ ಗೆರೆ ಸಣ್ಣದಾದಾಗಲೆಲ್ಲ ಚಿತ್ರವನ್ನು ಮತ್ತೆ ಬರೆಯಬೇಕಿತ್ತು. ಕ್ಯಾಲ್‌ಟೆಕ್‌ನ ಪ್ರೊಫೆಸರ್ ಕಾರ್ವರ್ ಮೀಡ್ ಮತ್ತು ಕಾನ್ವೆ ಜೊತೆಯಾಗಿ ಈ ವಿಷಯವನ್ನು ಕೈಗೆತ್ತಿಕೊಂಡರು. ಅಳತೆಗಳನ್ನೆಲ್ಲ ಮೈಕ್ರಾನಿನಲ್ಲಿ ಹೇಳುವ ಬದಲು ಲ್ಯಾಂಬ್ಡಾ ಎಂಬ ಒಂದು ಮಾನದಲ್ಲಿ ಹೇಳುವ ಉಪಾಯ ಕಾನ್ವೆ ಅವರದು. ಪಾಲಿಸಿಲಿಕಾನ್ ಗೆರೆ 2 ಲ್ಯಾಂಬ್ಡಾ ಅಗಲ, ಲೋಹದ ಗೆರೆ 3 ಲ್ಯಾಂಬ್ಡಾ, ಹೀಗೆ. ಲ್ಯಾಂಬ್ಡಾ ಎಂದರೆ ಎಷ್ಟು ಎಂಬುದನ್ನು ಆಯಾ ಕಾರ್ಖಾನೆ ಹೇಳಿದರೆ ಸಾಕು. ನೀನು ಧನುರ್ಮಾಸದಲ್ಲಿ ಹಾಕುವ ಚುಕ್ಕಿ ರಂಗೋಲಿ ನೆನಪಿಸಿಕೋ. 15 ಚುಕ್ಕಿ, 8ರ ತನಕ ಸಂದು ಚುಕ್ಕಿ ಎಂದರೆ ಮುಗಿಯಿತು. ಚುಕ್ಕಿಗಳ ನಡುವೆ ಬೆರಳಗಲ ಬಿಟ್ಟರೂ ಗೇಣು ಬಿಟ್ಟರೂ ರಂಗೋಲಿ ಅದೇ. ಹಿತ್ತಲಿನ ಕಲ್ಲಿಗೂ ದೇವಸ್ಥಾನದ ಅಂಗಳಕ್ಕೂ ಒಂದೇ ಪುಸ್ತಕ ಸಾಕು.

ನಿಯಮಗಳು ಇಷ್ಟು ಕಿರಿದಾದ ಮೇಲೆ ಅವನ್ನು ಕಲಿಸಬಹುದು ಎಂದಾಯಿತು. ಇಬ್ಬರೂ ಸೇರಿ ವಿಎಲ್‌ಎಸ್‌ಐ ಎಂಬ ಅತಿ ದಟ್ಟ ಚಿಪ್‌ಗಳ ಬಗ್ಗೆ ಪಠ್ಯ ಬರೆಯತೊಡಗಿದರು. ಪುಸ್ತಕ ಪೂರ್ತಿಯಾಗುವ ಮೊದಲೇ, 1978ರಲ್ಲಿ, ಕಾನ್ವೆ ಅದನ್ನು ಹಿಡಿದು ಎಂಐಟಿಗೆ ಪಾಠ ಮಾಡಲು ಹೋದರು. ಹಿಂದೆ ಓದನ್ನು ಅರ್ಧಕ್ಕೆ ಬಿಟ್ಟು ಬಂದ ಅದೇ ಎಂಐಟಿ. ಈ ಬಾರಿ ಸಂದರ್ಶಕ ಪ್ರಾಧ್ಯಾಪಕಿ. ಅವರದು ಸಂಕೋಚದ ಸ್ವಭಾವ. ಆ ತರಗತಿಯ ಮುಂದೆ ನಿಲ್ಲುವುದೇ ಅವರಿಗೆ ದಿಗಿಲು. ಅದಕ್ಕೇ ಒಂದೊಂದು ಪಾಠವನ್ನೂ ಮೊದಲೇ ಪೂರ್ತಿ ಬರೆದಿಟ್ಟುಕೊಂಡರು. ಮುಂದೆ ಬೇರೆ ಊರಿನ ಅಧ್ಯಾಪಕರು ಅದೇ ಕೋರ್ಸ್ ನಡೆಸಲು ಆ ಟಿಪ್ಪಣಿಗಳೇ ಕೈಪಿಡಿಯಾದವು.

ಆ ತರಗತಿಯ ವಿದ್ಯಾರ್ಥಿಗಳು ಪಾಠ ಕೇಳಿ ಪರೀಕ್ಷೆ ಬರೆದು ಎದ್ದು ಹೋಗಲಿಲ್ಲ. ಅರ್ಧ ಅವಧಿ ಕಲಿತು, ಉಳಿದರ್ಧದಲ್ಲಿ ತಮ್ಮದೇ ಚಿಪ್ ವಿನ್ಯಾಸ ಮಾಡಿದರು. ಗೈ ಸ್ಟೀಲ್ ಎಂಬ ವಿದ್ಯಾರ್ಥಿ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆಂದೇ ಒಂದು ಪ್ರೊಸೆಸರ್ ಬರೆದರು. ಚಿತ್ರಗಳೆಲ್ಲ ಅರ್ಪಾನೆಟ್ ಎಂಬ ಆಗಿನ ಕಂಪ್ಯೂಟರ್ ಜಾಲದ ಮೇಲೆ ದೇಶದ ಆ ತುದಿಯಲ್ಲಿದ್ದ ಪಾರ್ಕ್ ಕೇಂದ್ರಕ್ಕೆ ಹೋದವು. ಹ್ಯೂಲೆಟ್ ಪ್ಯಾಕರ್ಡ್‌ನ ಫ್ಯಾಬ್‌ನಲ್ಲಿ, ಅಂದರೆ ಚಿಪ್ ಕಾರ್ಖಾನೆಯಲ್ಲಿ, ಅಚ್ಚಾಗಿ, ಕೆಲವೇ ವಾರಗಳಲ್ಲಿ ಚಿಪ್‌ಗಳು ವಿದ್ಯಾರ್ಥಿಗಳ ಕೈಗೆ ಬಂದವು. ನಾನು ವಿನ್ಯಾಸ ಮಾಡಿದ ಮೊದಲ ಚಿಪ್ ಫ್ಯಾಬ್‌ನಿಂದ ವಾಪಸು ಬಂದ ದಿನ ರಾತ್ರಿ ನಾನು ನಿದ್ದೆ ಮಾಡಿರಲಿಲ್ಲ, ನಿನಗೆ ನೆನಪಿರಬಹುದು. ಅನುಭವಿ ಇಂಜಿನಿಯರುಗಳಿಗೂ ಅಪರೂಪವಾಗಿದ್ದ ಆ ಸುಖ ಅವತ್ತು ಓದುವ ಹುಡುಗರಿಗೆ ಸಿಕ್ಕಿತು.

ಮರುವರ್ಷ ಇದನ್ನೇ ಹಿಗ್ಗಿಸಿದರು. 12 ವಿಶ್ವವಿದ್ಯಾಲಯ, 129 ವಿನ್ಯಾಸಕರು, 82 ವಿನ್ಯಾಸ. ಒಬ್ಬೊಬ್ಬರ ಚಿತ್ರಕ್ಕೂ ಬೇರೆ ಬೇರೆ ಮಾಸ್ಕ್, ಅಂದರೆ ಅಚ್ಚಿನ ಫಲಕ, ಮಾಡಿಸಿದರೆ ಖರ್ಚು ತಲೆಯ ಮೇಲೆ ಹೋಗುತ್ತದೆ. ಆದ್ದರಿಂದ ಹಲವರ ಚಿತ್ರಗಳನ್ನು ಒಟ್ಟಿಗೆ ಜೋಡಿಸಿ, ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಅಚ್ಚು ಹಾಕಿಸಿ, ಆಮೇಲೆ ಕತ್ತರಿಸಿ ಹಂಚಿದರು. ಚಿತ್ರ ಕಳಿಸುವ ಕೊನೆಯ ದಿನದಿಂದ ಲೆಕ್ಕ ಹಾಕಿದರೆ 29 ದಿನದಲ್ಲಿ ಚಿಪ್ ವಾಪಸು. ಆ ವ್ಯವಸ್ಥೆ 1981ರಿಂದ ಮೋಸಿಸ್ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಸಿಗುವ ಸೇವೆಯಾಯಿತು. 1980ರ ಪಠ್ಯಪುಸ್ತಕವನ್ನು ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ತರಗತಿಗೆ ತಂದುಕೊಂಡವು.

ಇಲ್ಲಿ ನಾನು ಕೂತು ಲೇಔಟ್ ಎಳೆಯುತ್ತೇನೆ, ಚಿಪ್ ತಯಾರಾಗುವುದು ತೈವಾನಿನಲ್ಲಿ. ಬೆಂಗಳೂರಿನಲ್ಲಿ ನನ್ನಂಥವರು ಎಷ್ಟೋ ಸಾವಿರ. ವಿನ್ಯಾಸ ಮಾಡುವವರು ಕಾರ್ಖಾನೆಯ ಗೋಡೆಯೊಳಗೇ ಇರಬೇಕಿಲ್ಲ ಎಂಬ ಈ ಏರ್ಪಾಟು ಒಬ್ಬರಿಂದ ಆದದ್ದಲ್ಲ. ಆದರೂ ಹೊರಗಿನವರು, ಅದರಲ್ಲೂ ಓದುವ ಮಕ್ಕಳು, ಚಿಪ್ ಮಾಡಬಲ್ಲರು ಎಂದು ನಂಬಿ ಅದನ್ನು ಇಷ್ಟು ದೊಡ್ಡದಾಗಿ ಮಾಡಿ ತೋರಿಸಿದ್ದರಲ್ಲಿ ಕಾನ್ವೆ ಮುಂದಿದ್ದರು. ಬಾಗಿಲ ಹೊರಗೆ ನಿಲ್ಲಿಸಿಕೊಂಡು ಬಂದವರಿಗೇ ಇದು ಹೊಳೆದದ್ದು ನನಗೆ ಆಶ್ಚರ್ಯವಲ್ಲ.

ನಂತರದ್ದನ್ನು ಬೇಗ ಹೇಳಿಬಿಡುತ್ತೇನೆ. 1983ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಡಾರ್ಪಾ ಸಂಸ್ಥೆಯಲ್ಲಿ ಹುದ್ದೆ. ಆಯುಧಗಳ ಜೊತೆ ಹೆಣೆದುಕೊಂಡ ಆ ಕೆಲಸ ನನಗೆ ಅಷ್ಟು ಹಿಡಿಸುವುದಿಲ್ಲ. 1985ರಿಂದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ಅಸೋಸಿಯೇಟ್ ಡೀನ್. 1989ರಲ್ಲಿ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿಯ ಸದಸ್ಯತ್ವ. 1998ರಲ್ಲಿ ನಿವೃತ್ತಿ.

ನಿವೃತ್ತಿಯ ಹೊತ್ತಿಗೆ ಹಳೆಯ ಎಸಿಎಸ್ ಯೋಜನೆಯ ಚರಿತ್ರೆಯನ್ನು ಮಾರ್ಕ್ ಸ್ಮೋದರ್‌ಮನ್ ಎಂಬ ಪ್ರೊಫೆಸರ್ ಹುಡುಕುತ್ತಿದ್ದರು. ಐಬಿಎಂ ಆ ಯೋಜನೆಯನ್ನು 1969ರಲ್ಲೇ ಕೈಬಿಟ್ಟಿತ್ತು. ಈ ಹುಡುಕಾಟ ಕಾನ್ವೆ ಅವರ ಕಣ್ಣಿಗೆ ಬಿತ್ತು. ಕೆಲಸ ಕಳೆದುಕೊಂಡು ಹೊರಟಾಗಲೂ ಆ ಕಾಲದ ಕಾಗದಗಳನ್ನು ಅವರು ಬಿಸಾಡಿರಲಿಲ್ಲ. ಅವನ್ನು ಹೊರತೆಗೆದರು. ಆ ಆವಿಷ್ಕಾರ ತನ್ನದು ಎಂದು ಹೇಳಬೇಕಾದರೆ ತಾನು ಯಾರಾಗಿದ್ದೆ ಎಂಬುದನ್ನೂ ಹೇಳಬೇಕು. 1999ರಿಂದ ಒಬ್ಬೊಬ್ಬರಿಗೇ ಹೇಳುತ್ತ ಬಂದರು. 2000ದಲ್ಲಿ ಪತ್ರಿಕೆಯಲ್ಲಿ ಕಥೆ ಬಂತು. ಆಮೇಲೆ ನಿನ್ನ ಮಗಳಂಥ ಮಕ್ಕಳಿಗೆ ಧೈರ್ಯ ಹೇಳುವುದನ್ನು ಅವರು ಇನ್ನೊಂದು ವೃತ್ತಿಯನ್ನಾಗಿ ಮಾಡಿಕೊಂಡರು.

ಆದರೂ ಅವರ ಪಾಲಿನ ಹೆಸರು ತಡವಾಗಿಯೇ ಬಂತು. ಪುಸ್ತಕದ ಮೇಲೆ ಎರಡು ಹೆಸರಿದ್ದರೂ ಎಷ್ಟೋ ಜನ ಮೀಡ್ ಅವರನ್ನು ಮಾತ್ರ ನೆನೆದರು. ಅಮೆರಿಕದ ಆವಿಷ್ಕಾರಕರ ಗೌರವಪಟ್ಟಿಗೆ ಮೀಡ್ 2009ರಲ್ಲಿ ಸೇರಿದರೆ ಕಾನ್ವೆ ಸೇರಿದ್ದು 2023ರಲ್ಲಿ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. 2020ರಲ್ಲಿ ಐಬಿಎಂ ತನ್ನ ನೌಕರರ ಎದುರಿಗೇ ಅವರ ಕ್ಷಮೆ ಕೇಳಿತು, ಕೆಲಸದಿಂದ ತೆಗೆದ 52 ವರ್ಷದ ಮೇಲೆ. 2024ರ ಜೂನ್ 9ರಂದು, 86ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈಗ ನಿನ್ನ ಪ್ರಶ್ನೆ. ಇವತ್ತಿನ ಎಲ್ಲ ಕಂಪನಿಯೂ ಬಾಗಿಲು ತೆರೆದುಕೊಂಡು ಕಾದಿದೆ ಎಂದು ನಾನು ಹೇಳಲಾರೆ. ಆದರೆ 1968 ಅಲ್ಲ ಇದು. ನಮ್ಮ ರಾಜ್ಯವೇ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಕೆಲಸಗಳಲ್ಲಿ ಶೇ. 1ರ ಮೀಸಲಾತಿ ತಂದಿದೆ. ತಾವೂ ಲಿಂಗತ್ವ ಅಲ್ಪಸಂಖ್ಯಾತರಾದ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೋಡಿ ನೀನೇ ಕಣ್ಣೊರೆಸಿಕೊಂಡಿದ್ದೆ. ನಿನ್ನ ಮಗಳ ತಲೆ ಚುರುಕಾಗಿದೆ, ಅದನ್ನು ನಾನು ಚಿಕ್ಕಮ್ಮನಾಗಿ ಹೇಳುತ್ತಿಲ್ಲ, ಈ ಕಸುಬಿನವಳಾಗಿ ಹೇಳುತ್ತಿದ್ದೇನೆ. ಕೆಲಸ ಸಿಗುತ್ತದೆ. ಕಾನ್ವೆ ಅವರಿಗೆ ಕೆಲಸ ಎರಡನೇ ಸಲವೂ ಸಿಕ್ಕಿತು. ಅವರು ಮತ್ತೆ ಸಂಪಾದಿಸಲಾಗದೆ ಹೋದದ್ದು ಹೆದರಿಕೆಯಲ್ಲಿ ಕಳೆದ ವರ್ಷಗಳು, ಮಕ್ಕಳ ಬಾಲ್ಯ. ಅಂಥ ನಷ್ಟ ನಮ್ಮ ಮಗುವಿಗೆ ಆಗದಂತೆ ತಡೆಯುವುದು ಯಾವ ಕಂಪನಿಯ ಕೈಯಲ್ಲೂ ಇಲ್ಲ, ನಿನ್ನ ಮತ್ತು ಭಾವನ ಕೈಯಲ್ಲಿದೆ. ಭಾವ ಮಾತು ಬಿಟ್ಟಿದ್ದಾರೆ ಎಂದೆ. ಅವರಿಗೂ ಈ ಕಾಗದ ಓದಿಸು. ಓದದಿದ್ದರೆ ಊಟದ ಹೊತ್ತಿಗೆ ನೀನೇ ಗಟ್ಟಿಯಾಗಿ ಓದು.

ಒಂದು ಕೆಲಸ ಮಾಡು. ಹೆಸರು ಬದಲಾಗುವುದಕ್ಕೆ ಮುಂಚೆ ಅವಳು ಗಳಿಸಿದ ಮಾರ್ಕ್ಸ್ ಕಾರ್ಡು, ಲ್ಯಾಬ್ ರೆಕಾರ್ಡು, ಡಿಪ್ಲೊಮಾದಲ್ಲಿ ಮಾಡಿದ ಪ್ರಾಜೆಕ್ಟಿನ ಫೈಲು, ಎಲ್ಲವನ್ನೂ ಒಂದು ಕಡೆ ಜೋಪಾನ ಮಾಡು. ಹಬ್ಬಕ್ಕೆ ಮನೆ ತೊಳೆಯುವಾಗ ರದ್ದಿಯವನಿಗೆ ಹೋಗಬಾರದು. ಹೆಸರು ತಿದ್ದಿಸುವ ಅರ್ಜಿಗಳ ಓಡಾಟಕ್ಕೆ ನಾನು ರಜೆ ಹಾಕಿ ಬರುತ್ತೇನೆ. ಮೀಡ್–ಕಾನ್ವೆ ಪುಸ್ತಕದ ನನ್ನ ಹಳೆಯ ಪ್ರತಿಯನ್ನು ಆಗಲೇ ತರುತ್ತೇನೆ ಎಂದು ಅವಳಿಗೆ ಹೇಳು. ಮೂರನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ ಲೆಕ್ಕಗಳಿವೆ, ಅಳಿಸದಿರಲಿ.

ನಿನ್ನ ತಂಗಿ